ಮಲಗಿಸಿ ಎಬ್ಬಿಸುವ ದಾಕ್ಷಾಯಣಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡೂರು ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿ ಶಂಟಿಂಗ್ ಮಾಡುವ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಡಾಕ್ಟರ್ ಅನಂತಪದ್ಮನಾಭ ಅವರ ನರ್ಸಿಂಗ್ ಹೋಮಿನ ಹಿಂದಿನ ಕೋಣೆಯಲ್ಲಿ ನರ್ಸ್ ದಾಕ್ಷಾಯಣಮ್ಮ ಅಂಗೈಯಗಲದ ತಂತಿಯ ಚೌಕಟ್ಟೊಂದಕ್ಕೆ ಪದರ ಪದರವಾಗಿ ತೆಳುಬಟ್ಟೆ ಸುತ್ತುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಅದು ಒಬ್ಬ ಹೆಂಗಸಿನ ಮೂಗು ಬಾಯಿಯ ಮೇಲೆ ಕೂರುತ್ತದೆ. ಅದರ ಮೇಲೆ ದಾಕ್ಷಾಯಣಮ್ಮ ಈಥರನ್ನು ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಹೆಂಗಸಿಗೆ ಮತ್ತು ಬರುತ್ತದೆ. ಆಮೇಲೆ ಡಾಕ್ಟರು ಅವಳ ಎದೆಯಲ್ಲಿರುವ ಕ್ಯಾನ್ಸರ್ ಗೆಡ್ಡೆಯನ್ನು ಕತ್ತರಿಸಿ ತೆಗೆಯುತ್ತಾರೆ.

ಬಟ್ಟೆ ಸುತ್ತುವ ಬೆರಳುಗಳು ನಡುಗುತ್ತಿವೆ. ಚಳಿಯಿರಬೇಕು ಅಂದುಕೊಳ್ಳೋಣವೆಂದರೆ ಇದು ಏಪ್ರಿಲ್ ತಿಂಗಳು.

“ಚಳೀನೂ ಅಲ್ಲ, ವಯಸ್ಸೂ ಅಲ್ಲ. ಹೆದ್ರಿಕೆ ಕಣ್ರೀ,” ಎನ್ನುತ್ತಾರೆ ದಾಕ್ಷಾಯಣಮ್ಮ, ಕೈಯನ್ನು ಮರೆಮಾಚದೆ. “ಹದಿನೈದು ವರ್ಷದ ಮೇಲಾಯ್ತು ಈ ಕೆಲ್ಸ ಹಿಡಿದು. ಒಂದು ದಿನಾನೂ ಹೆದ್ರಿಕೆ ಇಲ್ದೆ ಈ ಬಾಗ್ಲು ದಾಟಿಲ್ಲ. ಮಾಸ್ಕ್ ಅವ್ರ ಮುಖಕ್ಕಿಟ್ಟ ಮೇಲೆ ಕೈ ತಾನಾಗೇ ನಿಂತ್ಕಳತ್ತೆ. ಅಲ್ಲೀಗಂಟ ಹಿಂಗೇಯ.”

ವಾರಕ್ಕೆ ಎರಡು ದಿನ ಇಲ್ಲಿ ಆಪರೇಷನ್. ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮುಂಚೆಯೇ ಶುರುವಾಗಬೇಕು. ಕಡೂರಿನ ಬಿಸಿಲು ಏರಿತೆಂದರೆ ಈಥರ್ ಬಟ್ಟೆಯ ಮೇಲೆ ನಿಲ್ಲುವುದೇ ಇಲ್ಲ, ರೋಗಿಯ ಮೂಗಿಗೆ ಹೋಗುವ ಮೊದಲೇ ಗಾಳಿಗೆ ಹಾರಿಹೋಗುತ್ತದೆ. ಬೆಂಕಿ ಕಂಡರಂತೂ ಭಗ್ಗನೆ ಹತ್ತಿಕೊಳ್ಳುವ ಪದಾರ್ಥ. ಹಾಗಾಗಿ ಮಾಸ್ಕ್ ಸಿದ್ಧವಾದ ಮೇಲೆ ದಾಕ್ಷಾಯಣಮ್ಮ ಪಕ್ಕದ ಅಡುಗೆ ಕೋಣೆಗೆ ಹೋಗಿ ಸ್ಟೌ ಆರಿದೆಯೇ ಎಂದು ನೋಡುತ್ತಾರೆ, ಆರಿದ ಸ್ಟೌವನ್ನು ಕೈಯಿಂದ ಮುಟ್ಟಿಯೂ ನೋಡುತ್ತಾರೆ.

ಇವತ್ತಿನ ರೋಗಿ ಸಖರಾಯಪಟ್ಟಣದ ಭಾಗಮ್ಮ. ಬೆಂಚಿನ ತುದಿಯಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾರೆ. ರಾತ್ರಿಯಿಂದ ಹನಿ ನೀರೂ ಕುಡಿದಿಲ್ಲ. ದಾಕ್ಷಾಯಣಮ್ಮ ಹೋಗಿ ಪಕ್ಕದಲ್ಲಿ ಕೂರುತ್ತಾರೆ.

“ಮುಖಾನೇ ಮುಚ್ಚಿಬಿಟ್ರೆ ಉಸ್ರು ಹೆಂಗಕ್ಕಾ ಆಡಾದು?” ಎಂದು ಭಾಗಮ್ಮ ಕೇಳುತ್ತಾರೆ.

ದಾಕ್ಷಾಯಣಮ್ಮ ಒಣ ಮಾಸ್ಕನ್ನು ತಮ್ಮ ಮುಖಕ್ಕೇ ಇಟ್ಟುಕೊಂಡು ಉಸಿರೆಳೆದು ತೋರಿಸುತ್ತಾರೆ. ಆಮೇಲೆ ಭಾಗಮ್ಮನ ಕೈಗೆ ಕೊಡುತ್ತಾರೆ. ಭಾಗಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಾವೇ ಮೂಗಿಗೆ ಹಿಡಿದುಕೊಂಡು ಎರಡು ಉಸಿರು ಎಳೆಯುತ್ತಾರೆ. “ಹೂಂ,” ಎನ್ನುತ್ತಾರೆ, ಅಷ್ಟೇನೂ ನಂಬಿಕೆಯಿಲ್ಲದೆ. ಮೇಜಿನ ಮೇಲೆ ಮಲಗಿದ ಮೇಲೂ ಅವರ ಬಲಗೈ ದಾಕ್ಷಾಯಣಮ್ಮನ ಎಡಗೈಯ ಬೆರಳುಗಳನ್ನು ಹಿಡಿದೇ ಇರುತ್ತದೆ. ಈಥರ್ ಬೀಳತೊಡಗಿದಾಗ ಹಿಡಿತ ಬಿಗಿಯಾಗುತ್ತದೆ, ಕಾಲುಗಳು ಒದೆಯುತ್ತವೆ, ಗಂಟಲಿನಿಂದ ಅರ್ಥವಾಗದ ಕೂಗೊಂದು ಬರುತ್ತದೆ. ನಂತರ ನಿಧಾನಕ್ಕೆ ಬೆರಳು ಒಂದೊಂದಾಗಿ ಸಡಿಲವಾಗುತ್ತವೆ. ಉಸಿರು ಒಂದೇ ಲಯಕ್ಕೆ ಬಂದ ಮೇಲೆ ದಾಕ್ಷಾಯಣಮ್ಮ ತಲೆಯೆತ್ತದೆ ಹೇಳುತ್ತಾರೆ: “ಹಾಕಿ ಡಾಕ್ಟ್ರೇ.” ಆ ಮಾತು ಬರುವವರೆಗೆ ಡಾಕ್ಟರು ಚಾಕು ಮುಟ್ಟುವುದಿಲ್ಲ.

ದಾಕ್ಷಾಯಣಮ್ಮ ಡಾಕ್ಟರಲ್ಲ. ದೊಡ್ಡ ಊರುಗಳಲ್ಲಿ ಈ ಕೆಲಸಕ್ಕೆಂದೇ ಓದಿದ ಅರಿವಳಿಕೆ ಡಾಕ್ಟರುಗಳಿರುತ್ತಾರೆ, ನಳಿಕೆಗಳಿರುವ ಯಂತ್ರಗಳಿರುತ್ತವೆ. ಇಲ್ಲಿ ಇರುವುದು ಒಂದು ಮಾಸ್ಕ್, ಒಂದು ಸೀಸೆ, ಮೂಲೆಯಲ್ಲೊಂದು ಆಕ್ಸಿಜನ್ ಸಿಲಿಂಡರ್, ಮತ್ತೆ ಈಕೆಯ ಕಣ್ಣು ಕಿವಿ.

ದಾಕ್ಷಾಯಣಮ್ಮ ಹುಟ್ಟಿದ್ದು ಸಖರಾಯಪಟ್ಟಣದ ಹತ್ತಿರದ ತೆಂಗಿನ ತೋಟದ ಮನೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕಮಗಳೂರಿಗೆ ನರ್ಸಿಂಗ್ ಕಲಿಯಲು ಹೊರಟಾಗ ಮನೆಯಲ್ಲಿ ದೊಡ್ಡ ರಂಪವಾಯಿತು. ಕಂಡವರ ಮೈ ಒರೆಸುವ ಕೆಲಸ ನಮ್ಮ ಮನೆಯ ಹುಡುಗಿಗೆ ಯಾಕೆ ಎಂದು ತಂದೆ ಮಾತು ಬಿಟ್ಟರು. ತಾಯಿ ಮಾತ್ರ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದು ಮಗಳಿಗೆ ಚಟ್ನಿಪುಡಿ ಕೊಟ್ಟು ಹೋಗುತ್ತಿದ್ದರು. ಓದು ಮುಗಿದು, ಕಡೂರಿನ ಕೊಬ್ಬರಿ ಮಂಡಿಯಲ್ಲಿ ತೂಕದ ಕೆಲಸ ಮಾಡುವ ತೀರ್ಥಪ್ಪನವರ ಜೊತೆ ಮದುವೆಯಾಗಿ, ಎಪ್ಪತ್ತರ ಸುಮಾರಿಗೆ ಈ ನರ್ಸಿಂಗ್ ಹೋಮಿಗೆ ಸೇರಿದರು. ಈಥರ್ ಕೊಡುತ್ತಿದ್ದ ಹಳೆಯ ಕಾಂಪೌಂಡರು ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ಡಾಕ್ಟರು ಈಕೆಯನ್ನು ಕರೆದರು.

“ಕಲಿಸೋಕ್ ಮುಂಚೆ ನನ್ನೇ ಮೇಜಿನ ಮೇಲೆ ಮಲಗ್ಸಿದ್ರು,” ಎಂದು ನೆನೆಯುತ್ತಾರೆ. “ನಾಕು ಉಸ್ರು ತಗೊಳಮ್ಮ, ಆಮೇಲೆ ತೆಗೀತೀನಿ, ಅಂದ್ರು. ತಗೊಂಡೆ. ಅಯ್ಯಪ್ಪ! ಕಿವೀಲಿ ಗಂಟೆ ಬಾರಿಸ್ದಂಗಾಯ್ತು. ಬಾವಿ ಒಳಕ್ಕೆ ತಲೆಕೆಳಗಾಗಿ ಜಾರಿದ್ರೆ ಹೆಂಗಿರತ್ತೆ, ಹಂಗೆ. ಕೂಗಾಣ ಅಂದ್ರೆ ಬಾಯಿ ನಂದಲ್ಲ, ಕೈ ಎತ್ತಾಣ ಅಂದ್ರೆ ಕೈ ನಂದಲ್ಲ. ಡಾಕ್ಟ್ರು ಮಾಸ್ಕ್ ತೆಗೆದ್ರು. ನಾನು ಎದ್ದು ಹೊರಗಡೆ ಹೋಗಿ ಅತ್ತುಬಿಟ್ಟೆ. ಅವತ್ತು ಗೊತ್ತಾಯ್ತು, ಜನ ಚಾಕಿಗೆ ಹೆದರಲ್ಲ. ಇದಕ್ಕೆ ಹೆದರ್ತಾರೆ.”

ಡಾಕ್ಟರು ಇದನ್ನು ಒಪ್ಪುತ್ತಾರೆ. ಎದೆಯಲ್ಲಿ ಗಂಟು ಕಂಡ ಹೆಂಗಸರು ಬೇಗ ಬಂದರೆ ಬಹಳಷ್ಟು ಜನ ಉಳಿಯುತ್ತಾರೆ ಎಂಬುದು ಅವರ ಅನುಭವ. ಆದರೆ ಬೇಗ ಬರುವವರು ಕಡಿಮೆ. “ನಾಚಿಕೆ ಒಂದು ಕಾರಣ, ನೋವಿಲ್ಲದೆ ಇರೋದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಮತ್ತಿನ ಭಯ. ಮಲಗಿಸಿದರೆ ಏಳೋದಿಲ್ಲ ಅಂತ. ನಾನು ಎಷ್ಟು ಚೆನ್ನಾಗಿ ಆಪರೇಷನ್ ಮಾಡಿದರೂ, ಆ ಭಯ ದಾಟಿ ಬಂದವರಿಗೆ ತಾನೇ ನಾನು ಮಾಡೋದು? ದಾಟಿಸೋ ಕೆಲಸ ದಾಕ್ಷಾಯಣಮ್ಮನದು,” ಎನ್ನುತ್ತಾರೆ.

ದಾಟಿಸಲಾಗದೆ ಹೋದವರೂ ಇದ್ದಾರೆ. ಅವರಲ್ಲಿ ಒಬ್ಬರ ಹೆಸರನ್ನು ದಾಕ್ಷಾಯಣಮ್ಮ ತಾವಾಗಿಯೇ ಎತ್ತುತ್ತಾರೆ.

ಎಪ್ಪತ್ತೇಳನೇ ಇಸವಿ. ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಪಂಚಾಕ್ಷರಪ್ಪ ತಮ್ಮ ಹೆಂಡತಿ ಕಲ್ಲಮ್ಮನನ್ನು ರೈಲಿನಲ್ಲಿ ಕರೆತಂದರು. ಎಡ ಎದೆಯಲ್ಲಿ ನಿಂಬೆಕಾಯಿಯಷ್ಟು ಗಂಟು. ಡಾಕ್ಟರು ನೋಡಿ, ಇನ್ನೂ ಬೇರೆ ಕಡೆ ಹರಡಿದಂತಿಲ್ಲ, ತೆಗೆದುಬಿಡೋಣ ಎಂದರು. ಕಲ್ಲಮ್ಮ ಗಟ್ಟಿಗಿತ್ತಿ. ಮಂಡಿಯಲ್ಲಿ ಗಂಡನ ಪಕ್ಕ ನಿಂತು ದಲ್ಲಾಳಿಗಳ ಜೊತೆ ಜಗಳವಾಡುತ್ತಿದ್ದ ಹೆಂಗಸು. ಆಪರೇಷನ್ನಿನ ದಿನ ತಾನೇ ನಡೆದುಕೊಂಡು ಬಂದು ಮೇಜಿನ ಮೇಲೆ ಮಲಗಿದಳು. ಆಗಿನ ಪದ್ಧತಿಯಂತೆ ಕೈಗಳನ್ನು ಮೇಜಿನ ಪಟ್ಟಿಗೆ ಕಟ್ಟಿದರು. ಈಥರಿನ ಮತ್ತು ಏರುವಾಗ ರೋಗಿ ಒದ್ದಾಡುತ್ತಾನೆಂದು ಎಲ್ಲ ಕಡೆ ಹಾಗೇ ಮಾಡುತ್ತಿದ್ದರು. ಮಾಸ್ಕ್ ಮುಖಕ್ಕೆ ಬಂತು, ವಾಸನೆ ಮೂಗಿಗೆ ಬಡಿಯಿತು. ಎರಡನೇ ಉಸಿರಿಗೆ ಕಲ್ಲಮ್ಮ ಚಿಟ್ಟನೆ ಚೀರಿದಳು.

“ಬಿಡ್ರೇ ನನ್ನ! ಕಟ್ಟಾಕಿ ಸಾಯ್ಸ್ತೀರೇನ್ರೇ? ಬಿಡ್ರೀ!”

ಪಟ್ಟಿ ಹರಿಯುವಂತೆ ಕೈ ಎಳೆದಳು. ಡಾಕ್ಟರು ಬಿಚ್ಚಲು ಹೇಳಿದರು. ಬಿಚ್ಚಿದ್ದೇ ತಡ, ಮೇಜಿನಿಂದ ಇಳಿದು, ತೂರಾಡುತ್ತಾ, ಗೋಡೆ ಹಿಡಿದು, ಹೊರಗೆ ಕೂತಿದ್ದ ಗಂಡನನ್ನೂ ದಾಟಿ ಬೀದಿಗೆ ಬಿದ್ದಳು. ಪಂಚಾಕ್ಷರಪ್ಪ ಹಿಂದೆ ಓಡಿದರು. ಬರಿಗಾಲಿನಲ್ಲಿ ಸ್ಟೇಷನ್ನಿಗೆ ಹೋಗಿ ಅಜ್ಜಂಪುರದ ಕಡೆಗೆ ಹೋಗುವ ಗಾಡಿ ಹತ್ತಿದವಳು ಮತ್ತೆ ತಿರುಗಿ ನೋಡಲಿಲ್ಲ. ಗಂಡ ಎಷ್ಟು ಹೇಳಿದರೂ ಬರಲಿಲ್ಲ. ಡಾಕ್ಟರು ಹೇಳಿ ಕಳಿಸಿದರು, ಅದಕ್ಕೂ ಬರಲಿಲ್ಲ.

ಮುಂದಿನ ವರ್ಷದ ಕೊನೆಗೆ ಬಂದಳು, ಗಂಡನ ಹೆಗಲಿಗೆ ಒರಗಿಕೊಂಡು. ಗಂಟು ಒಡೆದು ಹುಣ್ಣಾಗಿತ್ತು. ಬೆನ್ನೆಲುಬಿಗೂ ಇಳಿದಿತ್ತು. ಬೆಂಗಳೂರಿಗೂ ಹೋಗಿ ಬಂದರು. ಕತ್ತರಿಸುವುದಕ್ಕೆ ಇನ್ನೇನೂ ಉಳಿದಿಲ್ಲ, ಮನೆಯಲ್ಲಿಟ್ಟುಕೊಂಡು ನೋವು ಕಡಿಮೆ ಮಾಡಿ ಎಂದು ಅಲ್ಲಿ ಹೇಳಿದರಂತೆ.

ಹಾಗೆ ನೋವು ಕಡಿಮೆ ಮಾಡುವ ಕೆಲಸವೂ ದಾಕ್ಷಾಯಣಮ್ಮನ ಪಾಲಿಗೇ ಬಂತು. ಡಾಕ್ಟರು ಕೊಟ್ಟ ಇಂಜೆಕ್ಷನ್ನುಗಳನ್ನು ಚೀಲದಲ್ಲಿಟ್ಟುಕೊಂಡು ರಜೆ ಸಿಕ್ಕಾಗಲೆಲ್ಲ ಅಜ್ಜಂಪುರದ ರೈಲು ಹತ್ತುತ್ತಿದ್ದರು. ಸ್ಟೇಷನ್ನಿನಿಂದ ಆ ಬೀದಿಗೆ ತಿರುಗುವಾಗಲೇ ಕಲ್ಲಮ್ಮನ ನರಳಾಟ ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ಭಯ, ಕೇಳಿಸದಿದ್ದರೆ ಅದಕ್ಕಿಂತ ಭಯ. ಅಕ್ಕಪಕ್ಕದ ಮನೆಯವರು ಈಕೆಯನ್ನು ಕಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವತ್ತು ಕುಡಿಸಿದ ಎರಡು ಉಸಿರಿನ ವಾಸನೆಯೇ ಕಲ್ಲಮ್ಮನ ಮೈಯೊಳಗೆ ಹೊಕ್ಕು ವಿಷವಾಯಿತು ಎಂದು ಊರಲ್ಲಿ ಮಾತು ಹಬ್ಬಿತ್ತು.

ಒಂದು ಮಧ್ಯಾಹ್ನ ಇಂಜೆಕ್ಷನ್ ಹಿಡಿದು, ಮುಖದ ಗಂಟು ಸಡಿಲಾಗಿ, ಕಲ್ಲಮ್ಮ ಬಹಳ ದಿನದ ಮೇಲೆ ಹಾಯಾಗಿ ಉಸಿರುಬಿಟ್ಟಳು. ಕಣ್ಣು ಎಳೆಯುತ್ತಿತ್ತು.

“ಇದೂ ಅವತ್ತಿನ ನಿದ್ದೇನೇ ಏನೇ ನರ್ಸಮ್ಮ?” ಎಂದಳು.

“ಹೆಚ್ಚುಕಮ್ಮಿ ಅಂಥದ್ದೇ ಕಣವ್ವ.”

“ಇಷ್ಟು ಸಲೀಸು ಅಂತ ಗೊತ್ತಿದ್ದಿದ್ರೆ ಅವತ್ತೇ ಮಲಗ್ತಿದ್ನಲ್ಲೇ,” ಎಂದು ಕಣ್ಣು ಮುಚ್ಚಿದಳು.

ಅದಾದ ಕೆಲವೇ ದಿನಕ್ಕೆ ಕಲ್ಲಮ್ಮ ತೀರಿಕೊಂಡಳು. ದಾಕ್ಷಾಯಣಮ್ಮ ಕಡೂರಿಗೆ ಬಂದು ಡಾಕ್ಟರ ಹತ್ತಿರ ಒಂದೇ ಮಾತು ಕೇಳಿದರು. ಎಚ್ಚರ ಇರುವಾಗ ಇನ್ನು ಮೇಲೆ ಯಾರ ಕೈಯನ್ನೂ ಕಟ್ಟುವುದು ಬೇಡ, ನಾನು ಹಿಡಿದುಕೊಳ್ಳುತ್ತೇನೆ, ನಿದ್ದೆ ಹತ್ತಿದ ಮೇಲೆ ಬೇಕಾದರೆ ಕಟ್ಟೋಣ. ಡಾಕ್ಟರು ಆಗಲಿ ಎಂದರು. ಆವತ್ತಿನಿಂದ ದಾಕ್ಷಾಯಣಮ್ಮನ ಎಡ ಮುಂಗೈ ಮೇಲೆ ಉಗುರಿನ ಗೀರುಗಳು ತಪ್ಪಿದ್ದಿಲ್ಲ.

ಎಂಬತ್ತಮೂರರ ಮಳೆಗಾಲದಲ್ಲಿ ಪಂಚಾಕ್ಷರಪ್ಪ ಮತ್ತೆ ನರ್ಸಿಂಗ್ ಹೋಮಿನ ಬಾಗಿಲಲ್ಲಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

“ಕಲ್ಲಮ್ಮನ ತಂಗಿ, ಕಾಶಮ್ಮ ಅಂತ. ತರೀಕೆರೆಗೆ ಕೊಟ್ಟಿರಾದು,” ಎಂದರು. “ಅವಳಿಗೂ ಅದೇ ಜಾಗ್ದಾಗೆ ಗಂಟು ಎದ್ದೈತಂತೆ. ಯಾರ್ಗೂ ತೋರಿಸ್ತಿಲ್ಲ. ಗಂಡನ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ, ಅವ್ನೇ ಹೆಂಗೋ ನೋಡ್ಕಂಡವ್ನೆ. ನನ್ ಮಾತು ಕೇಳಲ್ಲ. ನೀವೊಂದು ಸಲ ಹೋಗಿ ಬನ್ನಿ ತಾಯಿ. ಇನ್ನೊಂದು ಅಂಥ ಸಾವು ನಾನು ನೋಡಾಕಾಗಲ್ಲ.”

ದಾಕ್ಷಾಯಣಮ್ಮ ಮಾರನೆಯ ದಿನವೇ ತರೀಕೆರೆ ಬಸ್ಸು ಹತ್ತಿದರು. ಬೀರೂರು ದಾಟುವವರೆಗೂ ಏನು ಹೇಳಬೇಕೆಂದು ಯೋಚಿಸಿದರು, ದಾಟಿದ ಮೇಲೆ ಯೋಚನೆ ಬಿಟ್ಟರು. ಕಾಶಮ್ಮನ ಗಂಡ ದೇವೀರಪ್ಪನದು ಸಣ್ಣ ಬಟ್ಟೆ ಅಂಗಡಿ, ಹಿಂದೆಯೇ ಮನೆ. ಒಳಗೆ ಕಾಶಮ್ಮ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು, ಓಡುವುದಕ್ಕೆ ದಾರಿ ಇಟ್ಟುಕೊಂಡವಳ ಹಾಗೆ. ಅಕ್ಕನದೇ ಹಣೆ, ಅಕ್ಕನದೇ ಕಣ್ಣು.

“ನಮ್ಮಕ್ಕನ್ನ ಕೊಂದೋರು ನೀವೇ ಅಂತಾರೆ ಅಜ್ಜಂಪುರದಾಗೆ,” ಎಂದಳು ಮೊದಲ ಮಾತಿಗೇ.

ದೇವೀರಪ್ಪ ಗದರಿಸಲು ಹೋದ. ದಾಕ್ಷಾಯಣಮ್ಮ ತಡೆದರು.

“ಅಂತಾರೆ, ನಂಗೂ ಗೊತ್ತು. ಕೊಂದಿದ್ದು ಗಂಟು ಕಣಮ್ಮ. ನಾವು ತೆಗೀಬೇಕಾಗಿತ್ತು, ಅವ್ಳು ಹೆದರ್ಕಂಡು ಹೋದ್ಲು.”

“ನಂಗೂ ಹೆದ್ರಿಕೇನೇ.”

“ನಂಗೂ ಐತೆ.”

ಕಾಶಮ್ಮ ಮುಖ ಎತ್ತಿ ನೋಡಿದಳು. ನರ್ಸಿನ ಬಾಯಲ್ಲಿ ಬರುವ ಮಾತಲ್ಲ ಅದು. “ಎದ್ದೇಳ್ತೀನಿ ಅಂತ ಆಣೆ ಮಾಡಿ ಹೇಳಿ, ಬತ್ತೀನಿ,” ಎಂದಳು.

ಆಣೆ ಮಾಡಿಬಿಟ್ಟರೆ ಕೆಲಸ ಆಗುತ್ತಿತ್ತು. ಆದರೆ ಅವರ ಕಣ್ಣೆದುರು ಹೆಬ್ಬೆ ಕಡೆಯ ಕಾಫಿ ತೋಟದ ಒಬ್ಬ ಮುದುಕನ ಮುಖ ಬಂದು ನಿಂತಿತು. ಕರುಳು ತಿರುಚಿಕೊಂಡು, ಹೊಟ್ಟೆ ಉಬ್ಬಿ, ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಆಪರೇಷನ್ ಮಾಡದಿದ್ದರೆ ಆ ದಿನವೇ ಹೋಗುತ್ತಿದ್ದ. ಮಾಡುವಾಗ, ದಾಕ್ಷಾಯಣಮ್ಮನ ಬೆರಳ ಕೆಳಗೇ, ನಾಡಿ ನಿಂತಿತು. ಹೊರಗೆ ಅವನ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಹತ್ತಿರ ಬಂದು, “ಮಲಗ್ಸಿದೋರು ನೀವೇ ಅಲ್ವಾ? ಎಬ್ಬಿಸಿ,” ಎಂದಿದ್ದಳು.

ಕಾಶಮ್ಮನಿಗೆ ಅದನ್ನೇ ಹೇಳಿದರು. ಒಂದನ್ನೂ ಮುಚ್ಚಿಡದೆ.

“ಆಣೆ ಮಾಡಾಕಾಗಲ್ಲ ತಾಯಿ. ನಾನು ಮಲಗ್ಸಿದೋರಲ್ಲಿ ಹೆಚ್ಚುಪಾಲು ಎಲ್ರೂ ಎದ್ದವ್ರೆ. ಏಳದೆ ಇರೋನೂ ಒಬ್ಬ ಅವ್ನೆ. ನೀನು ಗಟ್ಟಿಮುಟ್ಟಾಗಿದೀಯ, ಏಳ್ತೀಯ ಅಂತ ನಂಗೆ ನಂಬ್ಕೆ ಐತೆ. ಆದ್ರೆ ಆಣೆ ಮಾಡಾದು ನನ್ ಕೈಲಾಗಲ್ಲ. ನಿನ್ ಕೈ ಬಿಡಲ್ಲ, ನಿನ್ ಮುಖದ ಮೇಲಿಂದ ಕಣ್ಣು ತೆಗೆಯಲ್ಲ. ಇಷ್ಟು ಮಾತ್ರ ಹೇಳ್ತೀನಿ.”

ಕಾಶಮ್ಮ ಒಳಗೆ ಹೋಗಿ ಕಾಫಿ ತಂದಿಟ್ಟಳು, ಮತ್ತೆ ಹಿತ್ತಲ ಬಾಗಿಲಿಗೇ ಹೋಗಿ ನಿಂತಳು. ದಾಕ್ಷಾಯಣಮ್ಮ ಕಾಫಿ ಕುಡಿದು ಬಸ್‌ಸ್ಟ್ಯಾಂಡಿಗೆ ಬಂದರು. ಆಣೆ ಮಾಡಬೇಕಾಗಿತ್ತೇ? ಸುಳ್ಳಾದರೂ ಒಂದು ಜೀವ ಉಳಿಯುತ್ತಿತ್ತೇನೋ. ಕಡೂರಿನವರೆಗೂ ಇದೇ ಕೊರೆತ.

ಮುಂದಿನ ಆಪರೇಷನ್ ದಿನ ನಸುಕಿನಲ್ಲಿ ಕೆಲಸಕ್ಕೆ ಬಂದಾಗ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ದೇವೀರಪ್ಪ ಎದ್ದು ನಿಂತ. ಕಾಶಮ್ಮ ಕೂತೇ ಇದ್ದಳು, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು. “ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಹಂಗೇ ಇರ್ಬೇಕಂತಲ್ಲ,” ಎಂದಳು. ಡಾಕ್ಟರು ಅವಳನ್ನು ಪರೀಕ್ಷಿಸಿ, ರಕ್ತ ಹೊಂದಿಸಿಕೊಂಡು, ಆ ವಾರವೇ ಆಪರೇಷನ್ನಿಗೆ ದಿನ ಇಟ್ಟರು.

ಆಪರೇಷನ್ನಿನ ಆ ಬೆಳಿಗ್ಗೆಯನ್ನು ವಿವರಿಸುವಾಗ ದಾಕ್ಷಾಯಣಮ್ಮನ ದನಿ ಇವತ್ತಿಗೂ ತಗ್ಗುತ್ತದೆ. ಕಾಶಮ್ಮ ಮಲಗಿದಳು. ಕೈ ಕಟ್ಟಿರಲಿಲ್ಲ. ಎರಡೂ ಕೈಯಿಂದ ದಾಕ್ಷಾಯಣಮ್ಮನ ಎಡಗೈಯನ್ನು ಹಿಡಿದುಕೊಂಡಳು. ಈಥರ್ ಬೀಳಲು ಶುರುವಾಯಿತು. ಕೆಮ್ಮು ಬಂತು, ಒದ್ದಾಟ ಬಂತು, ಅವೆಲ್ಲ ಬರುವುದೇ. ಆದರೆ ಆಮೇಲೆ ಬಂದದ್ದು ಬೇರೆ. ಉಸಿರಿನ ಜೊತೆಗೆ ಕೋಳಿ ಕೂಗಿದ ಹಾಗೊಂದು ಸಣ್ಣ ಸದ್ದು, ಅದರ ಬೆನ್ನಿಗೇ ಸದ್ದೇ ಇಲ್ಲ. ಎದೆ ಒಳಕ್ಕೆ ಹೋಗುತ್ತಿದೆ, ಗಾಳಿ ಹೋಗುತ್ತಿಲ್ಲ. ಗಂಟಲು ಒಳಗಿನಿಂದ ಬೀಗ ಹಾಕಿಕೊಂಡಿತ್ತು.

ದಾಕ್ಷಾಯಣಮ್ಮ ಮಾಸ್ಕ್ ಕಿತ್ತೆಸೆದರು. ಕಾಶಮ್ಮನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಕಿವಿಯ ತುದಿಯೂ. ದವಡೆಯ ಎರಡೂ ಮೂಲೆಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಿ ಹಿಡಿದರು. ಡಾಕ್ಟರು ತಾವೇ ಹೋಗಿ ಸಿಲಿಂಡರ್ ತಿರುಗಿಸಿ ಆಕ್ಸಿಜನ್ ನಳಿಕೆಯನ್ನು ಮೂಗಿನ ಹತ್ತಿರ ಹಿಡಿದರು.

“ಏನಾಗ್ತಿದೆ ದಾಕ್ಷಾಯಣಮ್ಮ?” ಡಾಕ್ಟರ ದನಿಯೂ ಎಂದಿನಂತಿರಲಿಲ್ಲ.

“ಗಂಟ್ಲು ಕಟ್ಟೈತೆ ಡಾಕ್ಟ್ರೇ.”

“ಹಿಡಿದೇ ಇರಿ. ಬಿಡಬೇಡಿ.”

“ಕಲ್ಲಮ್ಮ ಬಂದು ಬಾಗ್ಲಲ್ಲಿ ನಿಂತಂಗಾಯ್ತು ಕಣ್ರೀ,” ಎನ್ನುತ್ತಾರೆ ದಾಕ್ಷಾಯಣಮ್ಮ. “ನನ್ನನ್ನಂತೂ ಓಡಿಸ್ದೆ, ನನ್ ತಂಗೀನೂ ಕರ್ಕಂಡು ಬಂದು ಹಿಂಗ್ ಮಾಡ್ದೇನೇ ಅಂತ ಕೇಳ್ದಂಗಾಯ್ತು. ಕೈ ಮಾತ್ರ ನಡುಗ್ಲಿಲ್ಲ. ನಡುಗಿದ್ರೆ ದವಡೆ ಜಾರೋದು. ಎಷ್ಟೊತ್ತೋ ನಂಗ್ ಗೊತ್ತಿಲ್ಲ. ಬಾಳ ಹೊತ್ತು ಅನ್ನಿಸ್ತು, ಡಾಕ್ಟ್ರು ಅಷ್ಟೇನಿಲ್ಲ ಅಂತಾರೆ.”

ಮೊದಲು ಸೀಟಿ ಊದಿದಂಥ ಸದ್ದೊಂದು ಬಂತು. ಸೂಜಿಯ ಕಣ್ಣಿನಷ್ಟು ದಾರಿಯಲ್ಲಿ ಗಾಳಿ ನುಗ್ಗಿದ ಸದ್ದು. ಆಮೇಲೆ ಒಂದು ಉಸಿರು, ಅದರ ಹಿಂದೆ ಇನ್ನೊಂದು. ನೇರಳೆ ಬಣ್ಣ ಮೊದಲು ಕಿವಿಯಿಂದ ಇಳಿಯಿತು, ಆಮೇಲೆ ತುಟಿಯಿಂದ. ದಾಕ್ಷಾಯಣಮ್ಮ ದವಡೆ ಬಿಡಲಿಲ್ಲ.

ಈಗ ಮತ್ತೆ ಮತ್ತು ಕೊಡುವುದೋ, ಎಬ್ಬಿಸಿ ಮನೆಗೆ ಕಳಿಸುವುದೋ? ಡಾಕ್ಟರು ಈಕೆಯ ಮುಖ ನೋಡಿದರು. ಈಕೆ ಡಾಕ್ಟರ ಮುಖ ನೋಡಿದರು. ಎಬ್ಬಿಸಿ ಕಳಿಸಿದರೆ ಕಾಶಮ್ಮ ಮತ್ತೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗಂಟಲು ಇನ್ನೊಮ್ಮೆ ಕಟ್ಟಿದರೆ ಏನಾಗಬಹುದೆಂದೂ ಗೊತ್ತಿತ್ತು. ಕೊನೆಗೆ ಡಾಕ್ಟರು, “ನಿಧಾನವಾಗಿ ಕೊಡಿ. ನನಗೆ ಆತುರವಿಲ್ಲ,” ಎಂದರು. ದಾಕ್ಷಾಯಣಮ್ಮ ಹೊಸ ಬಟ್ಟೆ ಸುತ್ತಿದ ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತರದಲ್ಲಿ ಹಿಡಿದು, ಗಾಳಿಯ ಜೊತೆ ಬೆರೆಯುವಂತೆ ಒಂದೊಂದೇ ತೊಟ್ಟು ಬಿಟ್ಟರು. ಪ್ರತಿ ತೊಟ್ಟಿಗೂ ಕಿವಿಗೊಟ್ಟು ಕಾದರು. ಈ ಸಲ ಗಂಟಲು ದಾರಿ ಬಿಟ್ಟಿತು.

ಆಪರೇಷನ್ ಮುಗಿಯುವ ಹೊತ್ತಿಗೆ ಬಿಸಿಲು ಕಿಟಕಿಗೆ ಬಂದಿತ್ತು. ಡಾಕ್ಟರು ಕೈ ತೊಳೆದು ಹೊರಗೆ ಹೋಗಿ ದೇವೀರಪ್ಪನಿಗೆ ವಿಷಯ ಹೇಳಿದರು. ದೇವೀರಪ್ಪ ಮತ್ತು ಅಜ್ಜಂಪುರದಿಂದ ಬಂದಿದ್ದ ಪಂಚಾಕ್ಷರಪ್ಪ ಇಬ್ಬರೂ ಡಾಕ್ಟರ ಕಾಲಿಗೆ ಬಿದ್ದರು. ಒಳಗೆ ದಾಕ್ಷಾಯಣಮ್ಮ ಅದೇ ಸ್ಟೂಲಿನ ಮೇಲೆ ಕೂತಿದ್ದರು. ಮಲಗಿಸುವುದು ಅರ್ಧ ಕೆಲಸ, ಏಳುವವರೆಗೆ ಕಾಯುವುದು ಇನ್ನರ್ಧ. ವಾಂತಿ ಬಂದರೆ ತಲೆಯನ್ನು ಪಕ್ಕಕ್ಕೆ ತಿರುಗಿಸಬೇಕು, ನಾಲಿಗೆ ಹಿಂದಕ್ಕೆ ಬೀಳದಂತೆ ನೋಡಬೇಕು. ಅಲ್ಲಿ ಎದ್ದುಹೋದರೆ ಅಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು.

ಬಹಳ ಹೊತ್ತಿನ ಮೇಲೆ ಕಾಶಮ್ಮ ಕಣ್ಣು ಬಿಟ್ಟಳು. ಸೂರು ನೋಡಿದಳು. ನಾಲಿಗೆಯಿಂದ ತುಟಿ ಸವರಿ ಮುಖ ಕಿವುಚಿದಳು.

“ಥೂ, ಬಾಯೆಲ್ಲಾ ಸೀಮೆಣ್ಣೆ ಕುಡಿದಂಗೈತೆ,” ಎಂದಳು.

ದಾಕ್ಷಾಯಣಮ್ಮ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ಹಿಂದಿನ ಅಂಗಳಕ್ಕೆ ಹೋಗಿ, ತೊಟ್ಟಿಯ ಪಕ್ಕ ಕೂತು ವಾಂತಿ ಮಾಡಿಕೊಂಡರು. ತಡೆಹಿಡಿದಿದ್ದ ಭಯವೆಲ್ಲ ಆಗ ಹೊರಗೆ ಬಂತು ಎನ್ನುತ್ತಾರೆ.

ಗಾಯ ಒಣಗಿದ ಮೇಲೆ ಕಾಶಮ್ಮ ಬೆಂಗಳೂರಿಗೆ ಹೋಗಿ ಕರೆಂಟು ಕೊಡಿಸಿಕೊಂಡು ಬಂದರು. ವಿಕಿರಣ ಚಿಕಿತ್ಸೆಗೆ ಈ ಕಡೆಯ ಜನ ಇಟ್ಟಿರುವ ಹೆಸರು ಅದು. ಅದಾಗಿ ಮೂರು ವರ್ಷವಾಗುತ್ತ ಬಂತು. ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಕಡೂರಿಗೆ ಬರುತ್ತಾರೆ. ಡಾಕ್ಟರು ಕಂಕುಳು, ಕುತ್ತಿಗೆ ಮುಟ್ಟಿ ನೋಡುವಾಗ ದಾಕ್ಷಾಯಣಮ್ಮ ಅದೇ ಕೋಣೆಯಲ್ಲಿ ಏನಾದರೂ ಕೆಲಸ ಹಚ್ಚಿಕೊಂಡು ನಿಂತಿರುತ್ತಾರೆ, ಡಾಕ್ಟರ ಮುಖ ನೋಡುವ ಧೈರ್ಯವಿಲ್ಲದೆ. ಇದುವರೆಗೆ ಎಲ್ಲೂ ಏನೂ ಸಿಕ್ಕಿಲ್ಲ. ಗೆದ್ದೆವು ಎನ್ನಲು ಇನ್ನೂ ಕೆಲವು ವರ್ಷ ಕಳೆಯಬೇಕು ಎಂದು ಡಾಕ್ಟರು ಹೇಳುತ್ತಾರೆ.

ಕಾಶಮ್ಮನನ್ನು ಕೇಳಿದರೆ, ಅಂಗಡಿಯ ಗಲ್ಲಾದ ಹಿಂದೆ ಕೂತೇ ಉತ್ತರಿಸುತ್ತಾರೆ: “ಡಾಕ್ಟ್ರು ಜೀವ ಉಳಿಸಿದ್ರು. ದಾಕ್ಷಾಯಣಕ್ಕ ಏನು ಮಾಡಿದ್ರೋ ನಂಗೇನು ಗೊತ್ತು, ನಾನು ನಿದ್ದೆ ಮಾಡ್ತಿದ್ನಲ್ಲ? ಅವ್ರ ಕೈ ಹಿಡ್ಕಂಡಿದ್ದು ಮಾತ್ರ ನೆಪ್ಪೈತೆ.” ಗಂಟಲು ಕಟ್ಟಿದ ಕತೆಯನ್ನು ದಾಕ್ಷಾಯಣಮ್ಮನೇ ಆಮೇಲೆ ಅವರಿಗೆ ಹೇಳಿದ್ದಾರೆ. ಕಾಶಮ್ಮ ಪೂರ್ತಿ ನಂಬಿದಂತೆ ಕಾಣುವುದಿಲ್ಲ. ಆದರೆ ತರೀಕೆರೆಯಲ್ಲಿ ಯಾರಾದರೂ ಹೆಂಗಸು ಸೆರಗಿನೊಳಗೆ ಗಂಟು ಬಚ್ಚಿಟ್ಟುಕೊಂಡಿದ್ದಾಳೆಂದು ಕಿವಿಗೆ ಬಿದ್ದರೆ ಅವಳ ಮನೆಗೆ ಹೋಗಿ ಕೂರುತ್ತಾರೆ. ಇವತ್ತು ಮೇಜಿನ ಮೇಲೆ ಮಲಗಿ ಎದ್ದ ಭಾಗಮ್ಮನ ಅತ್ತಿಗೆಯ ಮನೆ ತರೀಕೆರೆಯಲ್ಲೇ. ಭಾಗಮ್ಮನನ್ನು ಒಪ್ಪಿಸಿದ್ದು ಕಾಶಮ್ಮ.

ದಾಕ್ಷಾಯಣಮ್ಮನ ಮನೆ ನರ್ಸಿಂಗ್ ಹೋಮಿನಿಂದ ಕೂಗಳತೆಯಲ್ಲಿದೆ. ಆಪರೇಷನ್ ದಿನ ಮನೆಗೆ ಬಂದವರು ಹಿತ್ತಲಲ್ಲೇ ಸ್ನಾನ ಮಾಡಿ, ಸೀರೆ ನೆನೆಹಾಕಿ, ಆಮೇಲೆ ಒಳಗೆ ಬರುತ್ತಾರೆ. ಆದರೂ ಈಥರಿನ ವಾಸನೆ ಬಿಡುವುದಿಲ್ಲ. “ನಮ್ಮನೆಗೆ ಬೆಕ್ಕೂ ಬರಲ್ಲ ಸ್ವಾಮಿ,” ಎಂದು ತೀರ್ಥಪ್ಪ ನಗುತ್ತಾರೆ. ನಗು ನಿಲ್ಲಿಸಿ ಸೇರಿಸುತ್ತಾರೆ: “ಮಲಗಿದ್ರೂ ಇವಳ ಕೈ ನನ್ ಮೂಗಿನ ಹತ್ರ ಬತ್ತದೆ. ನಾನು ಉಸ್ರಾಡ್ತಿದೀನಾ ಅಂತ ನೋಡ್ತಾಳೆ, ನಿದ್ದೇಲೇ.”

ಗಂಡನ ಮಾತಿಗೆ ದಾಕ್ಷಾಯಣಮ್ಮ ನಾಚಿಕೊಳ್ಳುತ್ತಾರೆ. ಈಚೆಗೆ ದೊಡ್ಡ ಆಪರೇಷನ್ನುಗಳಿದ್ದಾಗ ಚಿಕ್ಕಮಗಳೂರಿನಿಂದ ಅರಿವಳಿಕೆ ಡಾಕ್ಟರೊಬ್ಬರು ಒಮ್ಮೊಮ್ಮೆ ಬರುತ್ತಾರೆ. ಗಂಟಲೊಳಗೆ ನಳಿಕೆ ಇಳಿಸಿ ಮತ್ತು ಕೊಡುವ ವಿಧಾನ ಅವರದು. ಅದನ್ನು ನೋಡುತ್ತ ನಿಂತ ಮೊದಲ ದಿನ ದಾಕ್ಷಾಯಣಮ್ಮನಿಗೆ, ಅವತ್ತು ಕಾಶಮ್ಮನಿಗೆ ಇದು ಇದ್ದಿದ್ದರೆ ಎಂದು ಅನ್ನಿಸಿತಂತೆ. ಅಂಥವರೊಬ್ಬರು ಈ ಊರಿಗೇ ಬಂದು ನೆಲೆಸಲಿ ಎಂಬುದು ಅವರ ಆಸೆ. ಕೆಲ್ಸ ಹೋದ್ರೆ ಹೋಗ್ಲಿ, ನಾನು ನೆಮ್ಮದಿಯಾಗಿ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡ್ಕಂಡಿರ್ತೀನಿ ಎನ್ನುತ್ತಾರೆ.

ನಿಮಗೇ ಒಂದು ದಿನ ಆ ಮೇಜಿನ ಮೇಲೆ ಮಲಗಬೇಕಾಗಿ ಬಂದರೆ?

ದಾಕ್ಷಾಯಣಮ್ಮ ಮುಂಗೈಯ ಮೇಲೆ ಇವತ್ತು ಭಾಗಮ್ಮ ಬಿಟ್ಟುಹೋದ ಉಗುರಿನ ಗೀರಿಗೆ ಕೊಬ್ಬರಿ ಎಣ್ಣೆ ಸವರುತ್ತಾರೆ.

“ಹೆದರ್ತೀನಿ. ಎಲ್ರಿಗಿಂತ ಜಾಸ್ತಿ ಹೆದರ್ತೀನಿ, ಏನೇನಾಗ್ಬೋದು ಅಂತ ಗೊತ್ತಲ್ಲ,” ಎನ್ನುತ್ತಾರೆ ಕೊನೆಗೆ. “ಏಳ್ತೀನೋ ಇಲ್ವೋ, ಅದು ನಮ್ ಕೈಲಿಲ್ಲ. ತಲೆ ಹತ್ರ ಯಾರಾದ್ರೂ ಒಬ್ರು ಕೂತಿರ್ಬೇಕು ಕಣ್ರೀ. ಎಷ್ಟೊತ್ತಾದ್ರೂ ಸೈ, ನಾನು ಕಣ್ಣು ಬಿಡೋಗಂಟ ಅವ್ರು ಎದ್ದು ಹೋಗ್ಬಾರ್ದು. ನಾನು ಕೇಳಾದು ಅಷ್ಟೇಯ.”